ನನ್ನ ತಂದೆಯ ಹೆಸರಿನ ಪ್ರಶಸ್ತಿಯನ್ನು ಯಾರಿಗೂ ಕೊಡಬೇಡಿ

ಬ್ಯಾಡಗಿಯ ಹೊರವಲಯದಲ್ಲಿ ಮೆಣಸಿನಕಾಯಿ ಶೀತಲಗೃಹ ನಡೆಸುತ್ತಿರುವ ಮಾನ್ಯ ಮಹಾವ್ಯವಸ್ಥಾಪಕರೇ,

ಮುಂದಿನ ತಿಂಗಳ ಹನ್ನೆರಡರಂದು ಹಾವೇರಿಯಲ್ಲಿ ನಡೆಯಲಿರುವ ನಿಮ್ಮ ವಾರ್ಷಿಕ ಸಮಾರಂಭಕ್ಕೆ ನಾವು ಬರುವುದಿಲ್ಲ. ನನ್ನ ತಾಯಿ ಅಮೀರಬಿ ನಿಮ್ಮ ವೇದಿಕೆ ಹತ್ತುವುದಿಲ್ಲ. ಈ ವರ್ಷದಿಂದ ನೀವು ಆರಂಭಿಸಲು ಹೊರಟಿರುವ ‘ದಿವಂಗತ ಶಮಶೇರಸಾಬ ಶೌರ್ಯ ಪ್ರಶಸ್ತಿ’ಯನ್ನು ಅವರ ಕೈಯಿಂದ ಯಾರಿಗೂ ಕೊಡಿಸಲಾಗುವುದಿಲ್ಲ. ನನ್ನ ತಂದೆಯ ಸಾವಿಗೆ ಅಮೋನಿಯಾ ಅನಿಲ ಕಾರಣವೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಅದು ನಿಜ. ಆ ಅನಿಲದೊಳಕ್ಕೆ ಅವರನ್ನು ಕಳಿಸಿದ್ದು ನಿಮ್ಮ ಹೊಗಳಿಕೆ ಎಂಬುದನ್ನು ಯಾರೂ ಬರೆದುಕೊಟ್ಟಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಪತ್ರಿಕೆಯಲ್ಲಿ ಏಕೆ, ನೇರವಾಗಿ ಕಚೇರಿಗೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎರಡು ಸಲ ಬರೆದೆ. ಎರಡೂ ಸಲ ಬಂದ ಉತ್ತರ ಒಂದೇ: ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ತಮ್ಮಂಥ ಜಾಗೃತ ನಾಗರಿಕರೇ ನಮ್ಮ ಸಂಸ್ಥೆಯ ಆಸ್ತಿ.’ ದೂರು ಕೊಟ್ಟವಳನ್ನೂ ನೀವು ಹೊಗಳಿಯೇ ಸಾಗಹಾಕಿದಿರಿ. ಪರಿಹಾರದ ವಿಷಯವನ್ನು ನಾನಿಲ್ಲಿ ಎತ್ತುವುದಿಲ್ಲ, ಅದು ನಡೆಯಬೇಕಾದ ಕಡೆ ನಡೆಯುತ್ತಿದೆ. ನನಗೆ ಮಾತಾಡಬೇಕಿರುವುದು ಒಬ್ಬ ಮೇಲಧಿಕಾರಿ ತನ್ನ ಕೈಕೆಳಗಿನವರನ್ನು ಹೊಗಳುವ ರೀತಿಯ ಬಗ್ಗೆ. ಇದೇನು ಮಹಾ ವಿಷಯ ಎನ್ನುತ್ತೀರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆಹ್ವಾನದ ಜೊತೆ ನೀವು ಪ್ರಶಸ್ತಿ ಪತ್ರದ ಕರಡನ್ನೂ ಕಳಿಸಿದ್ದೀರಿ. ‘ಸದಾ ಹಸನ್ಮುಖಿಯೂ, ಹೇಳಿದ ಕೆಲಸವನ್ನು ಎದುರು ಮಾತಿಲ್ಲದೆ ಮಾಡುವವರೂ ಆಗಿದ್ದ ಶ್ರೀಯುತರು’ ಎಂದು ಅದರಲ್ಲಿದೆ. ಓದಿ ಹೇಳಿದಾಗ ನನ್ನ ತಾಯಿ, “ಇದು ಯಾರ ಬಗ್ಗೆ ಬರದಾರ?” ಎಂದು ಕೇಳಿದರು. ಮನೆಯಲ್ಲಿ ನಾವು ಆಡುವುದು ಉರ್ದು, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವರು ವ್ಯಂಗ್ಯವಾಡಲಿಲ್ಲ, ನಿಜಕ್ಕೂ ಗುರುತು ಸಿಗದೆ ಕೇಳಿದರು. ನನ್ನ ತಂದೆ ನಗುವುದು ಅಪರೂಪ. ಎದುರು ಮಾತಾಡದೆ ಅವರು ಮಾಡಿದ ಕೆಲಸವೂ ಅಪರೂಪವೇ. ಗುತ್ತಲದಿಂದ ಬಂದು ನಿಮ್ಮ ಕಂಪ್ರೆಸರ್ ಕೋಣೆ ಸೇರಿದವರು ಅಲ್ಲೇ ಇಪ್ಪತ್ತೆರಡು ವರ್ಷ ದುಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಯಂತ್ರಕ್ಕೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಒಳಗಿನ ಸದ್ದು ಕೇಳುತ್ತಿದ್ದರು. ಡಾಕ್ಟರು ಎದೆ ಪರೀಕ್ಷೆ ಮಾಡಿದ ಹಾಗೆ. ತಪ್ಪು ಸದ್ದು ಕೇಳಿದರೆ ಯಾರ ಅಪ್ಪಣೆಗೂ ಕಾಯದೆ ಯಂತ್ರ ನಿಲ್ಲಿಸುತ್ತಿದ್ದರು.

ಹತ್ತು ವರ್ಷದ ಹಿಂದೆ ಒಂದು ಮೇ ತಿಂಗಳಲ್ಲಿ ಹೀಗೇ ನಿಲ್ಲಿಸಿದಾಗ ಆಗಿನ ವ್ಯವಸ್ಥಾಪಕರು ಎಲ್ಲರೆದುರು ಬೈದರು. ಮಾಲು ಕೆಟ್ಟರೆ ಯಾರು ಹೊಣೆ ಎಂದರು. ಮರುದಿನ ಹುಬ್ಬಳ್ಳಿಯ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರೆ ಒಳಗೆ ಬೇರಿಂಗ್ ಚೂರುಚೂರು. “ಇನ್ನರ್ಧ ತಾಸು ಓಡಿದ್ರ ಇಡೀ ಮಷೀನ್ ಹೋಗ್ತಿತ್ತು. ಇದನ್ನ ಬರೇ ಕಿವೀಲೆ ಹಿಡದಾವ್ರು ಯಾರ್ರಿ?” ಎಂದು ಆತ ಕೇಳಿದನಂತೆ. ವ್ಯವಸ್ಥಾಪಕರು ಕಾಗದಕ್ಕೆ ಸಹಿ ಹಾಕಿ ಹೊರಟುಹೋದರು. ಹೆಸರೂ ಗೊತ್ತಿಲ್ಲದ ಆ ಮೆಕ್ಯಾನಿಕ್‌ನ ಒಂದು ಪ್ರಶ್ನೆಯನ್ನು ನನ್ನ ತಂದೆ ವರ್ಷಗಟ್ಟಲೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಚಿಕ್ಕವಳಾಗಿದ್ದ ನನ್ನ ತಂಗಿ ಕೈಸರ ಅದನ್ನು ಬಾಯಿಪಾಠ ಮಾಡಿದ್ದಳು. ಒಬ್ಬ ಮನುಷ್ಯ ಒಂದು ಒಳ್ಳೆಯ ಮಾತಿಗಾಗಿ ಎಷ್ಟು ಹಸಿದಿರಬಹುದು ಎಂಬುದನ್ನು ನಾವು ಆಗಲೇ ತಿಳಿಯಬೇಕಿತ್ತು.

ಆಮೇಲೆ, ಮೂರು ವರ್ಷದ ಹಿಂದೆ ನೀವು ಬಂದಿರಿ. ಸಿಬ್ಬಂದಿಯನ್ನು ಹುರಿದುಂಬಿಸುವುದು ಹೇಗೆ ಎಂಬ ತರಬೇತಿ ಪಡೆದು ಬಂದಿದ್ದೀರಿ ಎಂದು ಕೇಳಿದೆವು. ಬೈಯುವವರು ಹೋಗಿ ಹೊಗಳುವವರು ಬಂದದ್ದು ಎಲ್ಲರಿಗೂ ಸಂತೋಷವೇ. ಬೆಳಿಗ್ಗೆ ಗೇಟಿನಲ್ಲಿ ಎದುರಾದವರಿಗೆಲ್ಲ ‘ಅದ್ಭುತ ಕೆಲಸ ಮಾಡುತ್ತಿದ್ದೀರಿ’ ಎನ್ನುತ್ತಿದ್ದಿರಿ. ಕಚೇರಿಯ ಗೋಡೆಗೆ ‘ಶಭಾಷ್ ಫಲಕ’ ಬಂತು, ಅದರಲ್ಲಿ ವಾರಕ್ಕೊಬ್ಬರ ಫೋಟೊ. ಕಾವಲುಗಾರ ಗುಡ್ಡಪ್ಪ ಒಮ್ಮೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ನೀವು ಭುಜ ತಟ್ಟಿ ಅದೇ ಮಾತು ಹೇಳಿ ಹೋದಿರಂತೆ. “ನಿದ್ದಿ ಮಾಡಿದ್ರೂ ಅದ್ಭುತ ಅಂತಾರೋ ಶಮಶೇರಣ್ಣ, ಎಚ್ಚರಿದ್ರ ಇನ್ನೇನ್ ಅಂತಾರೋ!” ಎಂದು ಗುಡ್ಡಪ್ಪ ನಕ್ಕಿದ್ದ. ಮನೆಗೆ ಬಂದು ಇದನ್ನು ಹೇಳಿ ನನ್ನ ತಂದೆಯೂ ನಕ್ಕರು. ಆದರೆ ಫಲಕದ ಫೋಟೊ ಬದಲಾಗುವ ಸೋಮವಾರಗಳಂದು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗತೊಡಗಿದ್ದನ್ನು ನನ್ನ ತಾಯಿ ಗಮನಿಸಿದ್ದರು.

ಸ್ವಾಮಿ, ಎಲ್ಲರಿಗೂ ಹಂಚುವ ಹೊಗಳಿಕೆ ಯಾರಿಗೂ ಮುಟ್ಟುವುದಿಲ್ಲ. ನೀವು ಒಮ್ಮೆಯಾದರೂ ಕಂಪ್ರೆಸರ್ ಕೋಣೆಯೊಳಗೆ ಬಂದು, ಆ ಸ್ಕ್ರೂಡ್ರೈವರ್ ಯಾಕೆ ಕಿವಿಗೆ ಹಿಡಿಯುತ್ತೀರಿ ಎಂದು ಕೇಳಿದ್ದರೆ ಸಾಕಿತ್ತು. ಅವರಿಗೆ ಫಲಕವೂ ಬೇಕಿರಲಿಲ್ಲ, ಫೋಟೊವೂ ಬೇಕಿರಲಿಲ್ಲ. ನೀವು ಕೇಳಲಿಲ್ಲ. ಅವರ ಇಪ್ಪತ್ತು ವರ್ಷದ ಎಚ್ಚರ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ಅವರು ಎಚ್ಚರ ಮರೆತ ನಾಲ್ಕು ನಿಮಿಷ.

ಅದು ಎರಡು ವರ್ಷದ ಹಿಂದಿನ ಮಾರ್ಚ್. ಸುಗ್ಗಿಯ ಕಾಲ, ಹೊರಗೆ ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳ ಸಾಲು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ವಾಲ್ವಿನ ಕುತ್ತಿಗೆಯಿಂದ ಅಮೋನಿಯಾ ಸೋರತೊಡಗಿತು. ಇಂಥ ಹೊತ್ತಿಗೆಂದೇ ಕಪಾಟಿನಲ್ಲಿ ಗಾಳಿ ಸಿಲಿಂಡರ್ ಇರುವ ಎರಡು ಮಾಸ್ಕುಗಳಿವೆ. ಎರಡರ ಮಾಪಕದ ಮುಳ್ಳೂ ಸೊನ್ನೆಯ ಮೇಲಿತ್ತು. ಅವನ್ನು ತುಂಬಿಸಬೇಕೆಂದು ನನ್ನ ತಂದೆ ಆಗಸ್ಟಿನಲ್ಲಿ, ನವೆಂಬರಿನಲ್ಲಿ, ಮತ್ತೆ ಜನವರಿಯಲ್ಲಿ ನಿಮ್ಮ ದೂರು ಪುಸ್ತಕದಲ್ಲಿ ಬರೆದಿದ್ದರು. ಪುಟಗಳ ಫೋಟೊ ನನ್ನ ಬಳಿ ಇದೆ. ಬೇರೆ ದಾರಿ ಕಾಣದೆ ಅವರು ಟವೆಲ್ಲನ್ನು ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ನಾಲ್ಕು ನಿಮಿಷದಲ್ಲಿ ವಾಲ್ವ್ ಬಂದ್ ಮಾಡಿ ಬಂದರು. ಕಣ್ಣು ಕೆಂಡದಂತಾಗಿತ್ತು. ಎರಡು ದಿನ ಅನ್ನ ನುಂಗಲಾಗಲಿಲ್ಲ.

ಏಪ್ರಿಲಿನಲ್ಲಿ ನೀವು ಹಾವೇರಿಯ ಸಭಾಭವನದಲ್ಲಿ ಅವರಿಗೆ ಸನ್ಮಾನ ಮಾಡಿದಿರಿ. ನಾವೆಲ್ಲ ಮೂರನೇ ಸಾಲಿನಲ್ಲಿ ಕೂತಿದ್ದೆವು. ನೀವು ಶಾಲು ಹೊದಿಸಿ, ಮೈಕು ಹಿಡಿದು, ‘ನಮ್ಮ ಶಮಶೇರ್ ಅವರಂಥವರು ಇರುವಾಗ ಮಾಸ್ಕ್ ಯಾರಿಗೆ ಬೇಕು ಹೇಳಿ!’ ಎಂದಿರಿ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ನಾನು ಬಿ.ಇಡಿ. ಮಾಡಿದವಳು, ಮಾತಿನ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳುವುದೇ ನನ್ನ ಉದ್ಯೋಗ. ಆ ವಾಕ್ಯದ ಅರ್ಥ ಅಂದು ನನಗೆ ಹೊಳೆಯಲಿಲ್ಲ. ತಂದೆಯ ಮುಖ ನೋಡುತ್ತಿದ್ದೆ. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಅಂದು ಮಧ್ಯಾಹ್ನ ಸುಡುಬಿಸಿಲಿನಲ್ಲಿ ಬ್ಯಾಡಗಿ ಬಸ್ಸಿನಲ್ಲಿ ಅವರು ಶಾಲು ತೆಗೆಯದೆ ಕೂತಿದ್ದರು. “ಏನ್ ಸಾಬರ, ಸನ್ಮಾನ ಆತೇನು?” ಎಂದು ಕೇಳಿದವರಿಗೆಲ್ಲ ಮೊದಲಿನಿಂದ ಕಥೆ ಹೇಳಿದರು. ಮನೆ ಮುಟ್ಟಿದ ಮೇಲೆ ನನ್ನ ತಾಯಿ ನೀರಿನ ಲೋಟ ಕೊಡುತ್ತ, “ಎಲ್ಲಾರೂ ಹೊಗಳಿದ್ರು. ಆ ಮಾಸ್ಕ್ ಯಾಕ ಖಾಲಿ ಇತ್ತು ಅಂತ ಒಬ್ಬರರ ಕೇಳಿದ್ರೇನು?” ಎಂದರು.

“ಇವತ್ತೊಂದಿನ ಸುಮ್ಮನಿರು,” ಎಂದರು ತಂದೆ. “ಇಪ್ಪತ್ತ ವರ್ಷದಾಗ ಇವತ್ತೊಂದಿನ.”

ತಾಯಿ ಸುಮ್ಮನಾದರು. ಆ ಮೌನಕ್ಕಾಗಿ ಅವರು ಈಗ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ನಾನು ಎಷ್ಟು ಸಮಾಧಾನ ಹೇಳಿದರೂ ಕೇಳುವುದಿಲ್ಲ.

ಮುಂದಿನದು ನಿಮ್ಮ ತರಬೇತಿಯ ಪುಸ್ತಕದಲ್ಲಿ ಇದೆಯೋ ಇಲ್ಲವೋ ತಿಳಿಯದು. ಸನ್ಮಾನದ ನಂತರ ನನ್ನ ತಂದೆ ದೂರು ಪುಸ್ತಕದಲ್ಲಿ ಒಂದಕ್ಷರ ಬರೆಯಲಿಲ್ಲ. ಮಾಸ್ಕಿನ ಬಗ್ಗೆ ನಾನೇ ಒಮ್ಮೆ ಕೇಳಿದೆ. “ಹ್ಯಾಂಗ ಬರೀಲಿ? ಅಷ್ಟು ಮಂದ್ಯಾಗ ನನಗ ಮಾಸ್ಕ್ ಬೇಕಿಲ್ಲ ಅಂದಾರ. ಈಗ ಬೇಕು ಅಂತ ಬರದ್ರ, ಇಂವ ಅಂಜ್ಯಾನ ಅಂತಾರ” ಎಂದರು. ಬೈಗುಳ ತಿಂದ ಇಪ್ಪತ್ತು ವರ್ಷ ಅವರ ಬಾಯಿ ಕಟ್ಟಲಿಲ್ಲ. ಒಂದು ಶಾಲು ಕಟ್ಟಿತು. ಕೆಮ್ಮು ಆಗಲೇ ಅಂಟಿಕೊಂಡಿತ್ತು. ಆದರೆ ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರು ಗಮನಿಸುತ್ತಾರೆ? ಮೆಣಸಿನಕಾಯಿಯ ಘಾಟಿಗೆ ಊರೇ ಕೆಮ್ಮುತ್ತದೆ.

ಈಗ ದುರಗಪ್ಪನ ಮಾತಿಗೆ ಬರುತ್ತೇನೆ. ಅವನ ವಿಷಯ ಬಂದಾಗ ನೀವು ಗಡಿಯಾರ ನೋಡುತ್ತೀರಿ ಎಂದು ಕೇಳಿದ್ದೇನೆ. ದಯವಿಟ್ಟು ಇದನ್ನು ಪೂರ್ತಿ ಓದಿ. ದುರಗಪ್ಪ ಕದರಮಂಡಲಗಿಯವನು, ನನ್ನ ತಂದೆಗೆ ಜೋಡಿಯಾಗಿ ಇನ್ನೊಂದು ಪಾಳಿ ನೋಡಿಕೊಳ್ಳುವ ಆಪರೇಟರ್. ಶನಿವಾರ ಹನುಮಪ್ಪನ ಗುಡಿಗೆ ಹೋಗಿ ಕೆಲಸಕ್ಕೆ ಬರುವಾಗ ತಂದೆಗೆಂದು ಕೊಬ್ಬರಿ ಚೂರು ತರುತ್ತಿದ್ದ. ಸನ್ಮಾನವಾದ ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಪಾಳಿಯಲ್ಲಿ ಮತ್ತೆ ಅನಿಲ ಸೋರಿತು. ಅವನು ಯಂತ್ರ ನಿಲ್ಲಿಸಿ, ಸೈರನ್ ಒತ್ತಿ, ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಮೂವತ್ತನಾಲ್ಕು ಹೆಂಗಸರನ್ನು ಗಾಳಿ ಬೀಸುತ್ತಿದ್ದ ದಿಕ್ಕಿಗೆ ಎದುರಾಗಿ ರಸ್ತೆಯವರೆಗೆ ನಡೆಸಿಕೊಂಡು ಹೋದ. ಅವರಲ್ಲೊಬ್ಬರಾದ ಫಕ್ಕೀರವ್ವ ನನಗೆ ಹೇಳಿದ್ದು: “ಕೈಯಾಗಿನ ಕಾಯಿ ಒಗದು ಓಡ್ರಿ ಅಂದನ್ರಿ. ಚಪ್ಪಲ ಸುದ್ದಾ ಹಾಕ್ಕೊಳ್ಳಾಕ ಬಿಡ್ಲಿಲ್ಲ. ಒಬ್ಬಾಕಿ ಬುತ್ತಿ ತರ್ತೀನಿ ಅಂತ ತಿರುಗಿದ್ಲು, ರಟ್ಟಿ ಹಿಡದು ಎಳಕೊಂಡು ಬಂದ.” ಹೆಂಗಸರನ್ನು ಎಣಿಸಿದ, ಇನ್ನೊಮ್ಮೆ ಎಣಿಸಿದ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ. ಮಾಸ್ಕ್ ಇಲ್ಲದೆ ತಾನು ಒಳಗೆ ಹೋಗುವುದಿಲ್ಲ, ಯಾರನ್ನೂ ಬಿಡುವುದಿಲ್ಲ ಎಂದು ಬಾಗಿಲಲ್ಲಿ ನಿಂತ. ಒಂದೂವರೆ ತಾಸು ಹಿಡಿಯಿತು. ಒಂದು ಕೋಣೆಯ ಮಾಲು ಸ್ವಲ್ಪ ಬೆಚ್ಚಗಾಯಿತು. ಒಬ್ಬರಿಗೂ ಒಂದು ಸೀನೂ ಬರಲಿಲ್ಲ.

ಮಾನ್ಯರೇ, ಇದಕ್ಕೆ ನೀವು ಕೊಟ್ಟದ್ದೇನು? ‘ಅನಗತ್ಯ ಭೀತಿ ಹುಟ್ಟಿಸಿದ್ದಕ್ಕೆ ಕಾರಣ ಕೇಳಿ’ ಒಂದು ಮೆಮೊ. ಅದನ್ನು ಲಕೋಟೆಯಲ್ಲಿ ಕೊಟ್ಟು ಸುಮ್ಮನಾಗಲಿಲ್ಲ, ಎಲ್ಲರನ್ನೂ ಸೇರಿಸಿ ಓದಿದಿರಿ. ‘ಶಮಶೇರ್ ಇದ್ದಿದ್ದರೆ ಇದು ನಾಲ್ಕು ನಿಮಿಷದ ಕೆಲಸ’ ಎಂದಿರಿ. ನನ್ನ ತಂದೆ ಅದೇ ಸಭೆಯಲ್ಲಿ, ದುರಗಪ್ಪನ ಪಕ್ಕದಲ್ಲೇ ನಿಂತಿದ್ದರು. ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಹೊಡೆಯುವ ಈ ವಿದ್ಯೆಯನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ? ಅಂದು ಅಲ್ಲಿದ್ದ ನಲವತ್ತು ಚಿಲ್ಲರೆ ಜನ ಒಂದು ಪಾಠ ಕಲಿತು ಹೊರಬಂದರು: ಇಲ್ಲಿ ಜೀವ ಉಳಿಸಿದವನಿಗೆ ಮೆಮೊ, ಜೀವ ಒಡ್ಡಿದವನಿಗೆ ಶಾಲು. ನೀವು ಹಾಗೆ ಬಾಯಿಬಿಟ್ಟು ಹೇಳಲಿಲ್ಲ, ಒಪ್ಪುತ್ತೇನೆ. ಕೆಲಸಗಾರರು ಗೋಡೆಯ ಮೇಲಿನ ಸುರಕ್ಷತಾ ಸೂಚನೆ ಓದುವುದಿಲ್ಲ, ಸಾಹೇಬರು ಯಾರ ಭುಜ ತಟ್ಟಿದರು ಎಂದು ನೋಡುತ್ತಾರೆ.

ಅಂದು ಸಂಜೆ ದುರಗಪ್ಪ ನಮ್ಮ ಮನೆಗೆ ಬಂದ. ನಾನೂ ನನ್ನ ಶಾಲೆಯಿರುವ ರಾಣೆಬೆನ್ನೂರಿನಿಂದ ಬಂದಿದ್ದೆ. ಅವನು ಚಹಾ ಕುಡಿಯಲಿಲ್ಲ. ನಿಂತೇ ಹೇಳಿದ: “ಶಮಶೇರಣ್ಣ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಮುಂದಿನ ಸಲ ಒಳಗ ಹೋಗಬ್ಯಾಡ. ಅವತ್ತು ನಿನ್ನ ದೈವ ಗಟ್ಟಿ ಇತ್ತು.”

“ನಾ ಹೋಗ್ಲಿಲ್ಲಂದ್ರ ಯಾರ್ ಹೋಗ್ತಾರೋ? ಎಲ್ಲಾರೂ ನನ್ನ ಮಾರಿ ನೋಡ್ತಾರ.”

“ನೋಡ್ಲಿ ಬಿಡು.”

“ನಿನಗ ಗೊತ್ತಾಗೂದಿಲ್ಲ,” ಎಂದರು ತಂದೆ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ ಆ ಮುಂದಿನ ಸಲ ಬಂತು. ಮಧ್ಯಾಹ್ನ ಮೂರೂವರೆ. ತಂದೆಯ ಪಾಳಿ ಎರಡಕ್ಕೇ ಮುಗಿದಿತ್ತು. ಗೇಟಿನೆದುರಿನ ಚಹಾದಂಗಡಿಯಲ್ಲಿ ಹಮಾಲಿ ಇಸಾಕಸಾಬರ ಜೊತೆ ಕೂತಿದ್ದಾಗ ಸೈರನ್ ಆಯಿತು. ನೀವು ರಾಣೆಬೆನ್ನೂರಿನಲ್ಲಿ ಯಾವುದೋ ಸಭೆಯಲ್ಲಿದ್ದಿರಿ. ಸುದ್ದಿ ಮುಟ್ಟಿದೊಡನೆ ಪಾಳಿಯಲ್ಲಿದ್ದ ದುರಗಪ್ಪನಿಗೆ ಫೋನ್ ಮಾಡದೆ, ಪಾಳಿ ಮುಗಿಸಿದ್ದ ನನ್ನ ತಂದೆಗೆ ಮಾಡಿದಿರಿ. ಪಕ್ಕದಲ್ಲಿದ್ದ ಇಸಾಕಸಾಬರಿಗೆ ನಿಮ್ಮ ಮಾತು ಕೇಳಿಸಿದೆ. ‘ಶಮಶೇರ್, ನೀವಿದ್ದೀರಿ ಎಂದಮೇಲೆ ನನಗೆ ಚಿಂತೆಯಿಲ್ಲ. ನೀವೇ ನಮ್ಮ ಹೀರೊ.’ ಒಳಗೆ ಹೋಗಿ ಎಂದು ನೀವು ಹೇಳಲಿಲ್ಲ. ಸಾವಿನ ನಂತರದ ವಿಚಾರಣೆಯಲ್ಲಿ ಇದನ್ನೇ ಒತ್ತಿ ಒತ್ತಿ ಹೇಳಿದ್ದೀರಿ. ನಿಜ, ಹೇಳಲಿಲ್ಲ. ಹೇಳುವ ಅಗತ್ಯವಿತ್ತೇ?

“ಡ್ಯೂಟಿ ಮುಗದೈತಿ ಭಾಯ್, ಕುಂದ್ರಿ,” ಎಂದರು ಇಸಾಕಸಾಬರು. ತಂದೆ ಅಂಗಡಿಯ ಡ್ರಮ್ಮಿನಲ್ಲಿ ಟವೆಲ್ ಅದ್ದಿಕೊಂಡು ಎದ್ದರು. ದುರಗಪ್ಪ ಅಷ್ಟರೊಳಗೆ ಎಲ್ಲರನ್ನೂ ಹೊರಗೆ ಕಳಿಸಿ ಕಂಪ್ರೆಸರ್ ಕೋಣೆಯ ಬಾಗಿಲಿನತ್ತ ಪೈಪಿನಿಂದ ನೀರು ಚಿಮ್ಮಿಸುತ್ತ ನಿಂತಿದ್ದ. ಒಂದು ಕೈಯಿಂದ ತಂದೆಯ ತೋಳು ಹಿಡಿದ.

“ಬ್ಯಾಡಣ್ಣ. ಇದು ವಾಲ್ವ್ ಅಲ್ಲ, ಪೈಪಽ ಒಡದೈತಿ. ಬೆಂಕಿ ಗಾಡಿ ಮೋಟೆಬೆನ್ನೂರ ದಾಟೈತಿ. ಐದು ಮಿನಿಟ್ ನಿಲ್ಲು.”

“ಸಾಹೇಬ್ರು ಫೋನ್ ಮಾಡ್ಯಾರೋ,” ಎಂದರು ತಂದೆ. ತೋಳು ಬಿಡಿಸಿಕೊಂಡು ಒಳಗೆ ಹೋದರು.

ಅಗ್ನಿಶಾಮಕ ಗಾಡಿ ಆರು ನಿಮಿಷಕ್ಕೆ ಬಂತು. ಸರಿಯಾದ ಮಾಸ್ಕ್ ಧರಿಸಿದವರು ಒಳಗೆ ಹೋಗಿ ಅವರನ್ನು ಎತ್ತಿ ತಂದರು. ಟವೆಲ್ ಮುಖಕ್ಕೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿದವನು ದುರಗಪ್ಪ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರು ಹನ್ನೊಂದು ದಿನ ಇದ್ದರು. ಗಂಟಲಿಗೆ ನಳಿಗೆ ಹಾಕಿದ್ದರಿಂದ ಮಾತಿಲ್ಲ, ಕಣ್ಣು ಮಸುಕು. ಎಚ್ಚರವಾದ ಮೊದಲ ದಿನ ಬೆರಳಾಡಿಸಿ ಪೆನ್ನು ಕೇಳಿದರು. ನಾನು ಶಾಲೆಯ ಪಟ್ಟಿಪುಸ್ತಕವನ್ನು ಅವರ ಎದೆಯ ಮೇಲೆ ಹಿಡಿದೆ. ನಮ್ಮ ಬಗ್ಗೆ ಏನೋ ಬರೆಯುತ್ತಾರೆ ಅಂದುಕೊಂಡೆ. ‘ಗ್ಯಾಸ್ ಬಂದ್ ಆತಿಲ್ಲೋ’ ಎಂದು ಬರೆದರು. ‘ಆಯ್ತು ಅಬ್ಬಾ’ ಎಂದು ತಂದೆಗೆ ಹೇಳಿದೆ. ಕಣ್ಣು ಮುಚ್ಚಿದರು.

ನೀವು ಐದನೇ ದಿನ ಬಂದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ನೀವು ಕೆಟ್ಟವರಲ್ಲ ಎಂಬುದೇ ಈ ಪತ್ರದ ಕಷ್ಟ. ಕೆಟ್ಟವರಾಗಿದ್ದರೆ ನನ್ನ ತಂದೆ ನಿಮ್ಮ ಮಾತಿಗೆ ಅಷ್ಟು ಬೆಲೆ ಕೊಡುತ್ತಿರಲಿಲ್ಲ, ಬದುಕಿರುತ್ತಿದ್ದರು. ‘ಇವರು ನಮ್ಮ ಸಂಸ್ಥೆಯ ಹೆಮ್ಮೆ’ ಎಂದು ನನ್ನ ತಾಯಿಗೆ ಹೇಳಿದಿರಿ. ಅವರು ನಿಮ್ಮನ್ನು ಒಂದೇ ಪ್ರಶ್ನೆ ಕೇಳಿದರು: “ಸಾಹೇಬ್ರ, ಆ ಮಾಸ್ಕ್ ತುಂಬಿಸೀರೇನ್ರಿ?” ಅದು ಪ್ರಕ್ರಿಯೆಯಲ್ಲಿದೆ ಎಂದು ನೀವು ಉತ್ತರಿಸಿದಿರಿ. ತಾಯಿಗೆ ‘ಪ್ರಕ್ರಿಯೆ’ ತಿಳಿಯಲಿಲ್ಲ. ನಾನು ಅರ್ಥ ಹೇಳಬೇಕಾಯಿತು: ಇಲ್ಲ ಅಂತ.

ಎಂಟನೇ ದಿನ ದುರಗಪ್ಪ ಬಂದ. ಮಂಚದ ಪಕ್ಕ ನಿಂತು, “ಅಣ್ಣಾ, ನಾ ನಿನ್ನ ಗಟ್ಟಿ ಹಿಡೀಬೇಕಿತ್ತು,” ಎಂದು ಅಳತೊಡಗಿದ. ತಂದೆ ಪೆನ್ನಿಗೆ ಕೈ ನೀಡಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಆದರೂ ಓದಲು ಬರುತ್ತಿದ್ದವು. ಹೀಗೆ ಬರೆದಿದ್ದರು: ‘ಡಿಸೆಂಬರದಾಗ ನೀ ಒಳಗ ಹೋಗ್ಲಿಲ್ಲ. ಯಾರ್ನೂ ಬಿಡ್ಲಿಲ್ಲ. 34 ಮಂದಿ, ಎರಡ ಸಲ ಎಣಸೀದಿ. ನೀ ಛಲೋ ಮಾಡೀದಿ. ನಾ ಅವತ್ತಽ ಹೇಳಬೇಕಿತ್ತು.’ ದುರಗಪ್ಪ ಆ ಹಾಳೆಯನ್ನು ಕೇಳಿ ಪಡೆದುಕೊಂಡ. ಹನ್ನೊಂದನೇ ದಿನ ಬೆಳಿಗ್ಗೆ ತಂದೆ ತೀರಿಕೊಂಡರು.

ಮಾನ್ಯರೇ, ನನ್ನ ತಂದೆ ಯಾವ ತರಬೇತಿಗೂ ಹೋದವರಲ್ಲ. ಏಳನೇ ತರಗತಿ ಓದಿದವರು. ಆದರೂ ಆ ಹಾಳೆಯನ್ನು ನಿಮ್ಮ ‘ಹಸನ್ಮುಖಿ’ ಪ್ರಶಸ್ತಿ ಪತ್ರದ ಪಕ್ಕದಲ್ಲಿಟ್ಟು ನೋಡಿ. ದುರಗಪ್ಪ ಏನು ಮಾಡಿದ, ಯಾವಾಗ ಮಾಡಿದ, ಅದರಿಂದ ಯಾರಿಗೆ ಒಳ್ಳೆಯದಾಯಿತು, ಎಲ್ಲವೂ ಅದರಲ್ಲಿದೆ. ಆ ಮಾತುಗಳು ದುರಗಪ್ಪನಿಗಲ್ಲದೆ ಇನ್ಯಾರಿಗೂ ಒಪ್ಪುವುದಿಲ್ಲ. ಯಾರನ್ನೂ ಕೆಳಗೆ ತಳ್ಳಿ ಅವನನ್ನು ಮೇಲೆತ್ತಿಲ್ಲ. ತಡವಾಯಿತೆಂಬ ತಪ್ಪೊಪ್ಪಿಗೆಯೂ ಇದೆ. ನಿಮ್ಮ ಪತ್ರದಲ್ಲಿ ಹೆಸರು ಬದಲಿಸಿದರೆ ಅದನ್ನು ಗುಡ್ಡಪ್ಪನಿಗೂ ಕೊಡಬಹುದು, ನಾಳೆ ನಿವೃತ್ತರಾಗುವಾಗ ನಿಮಗೂ ಕೊಡಬಹುದು.

ನಾನೇನೂ ತಪ್ಪು ಮಾಡದವಳಲ್ಲ. ನಮ್ಮ ಶಾಲೆಯಲ್ಲಿ ಒಂದು ದಿನವೂ ತಪ್ಪಿಸದೆ ಬಂದವರಿಗೆ ಪ್ರತಿವರ್ಷ ಬಹುಮಾನ ಕೊಡುತ್ತಿದ್ದವಳು ನಾನೇ. ತಂದೆ ತೀರಿಕೊಂಡ ಮೇಲೆ ನಾನು ಶಾಲೆಗೆ ಮರಳಿದ ವಾರ, ಎಂಟನೇ ತರಗತಿಯ ಮುಸ್ಕಾನ್ ಎಂಬ ಹುಡುಗಿ ಮೈಸುಡುವ ಜ್ವರದಲ್ಲಿ ಬಂದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಯಾಕೆ ಬಂದೆ ಎಂದರೆ, “ಹಾಜರಿ ತಪ್ಪತೈತಲ್ರಿ ಟೀಚರ್, ನೀವು ಹೋದ ವರ್ಷ ಎಲ್ಲಾರ ಮುಂದ ಶಭಾಷ್ ಅಂದಿದ್ರಿ” ಎಂದಳು. ಅವಳನ್ನು ನಾನೇ ಆಟೋದಲ್ಲಿ ಮನೆಗೆ ಮುಟ್ಟಿಸಿ ಬಂದೆ. ಮರುದಿನ ತರಗತಿಯಲ್ಲಿ ಆ ಬಹುಮಾನ ಇನ್ನಿಲ್ಲ, ಅದನ್ನು ಇಟ್ಟದ್ದು ನನ್ನ ತಪ್ಪು ಎಂದು ಹೇಳಿದೆ. ಹೇಳುವುದು ಸುಲಭವಲ್ಲ, ಆದರೆ ಹೇಳಬಹುದು. ಅದರಿಂದ ಯಾವ ಮೇಲಧಿಕಾರಿಯೂ ಸಾಯುವುದಿಲ್ಲ.

ಇಷ್ಟಾಗಿಯೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಕಳೆದ ವಾರ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಶ್ರೀದೇವಿ ಎಂಬ ಹೆಣ್ಣುಮಗಳು ನನ್ನನ್ನು ಗುರುತು ಹಿಡಿದು ಮಾತಾಡಿಸಿದಳು. ತಂದೆಯ ಜಾಗಕ್ಕೆ ನೀವು ತೆಗೆದುಕೊಂಡಿರುವ ಶಶಿಕಾಂತನ ಹೆಂಡತಿ. ಸೊಂಟದ ಮೇಲೆ ವರ್ಷ ತುಂಬದ ಕೂಸು. “ಅಕ್ಕಾರ, ನಿಮ್ಮ ಅಪ್ಪಾರ ಹೆಸರಿಂದು ಪ್ರಶಸ್ತಿ ಮಾಡ್ಯಾರಂತಲ್ರಿ. ನಮ್ಮ ಮನಿಯವ್ರು ಮುಂದಿನ ವರ್ಷ ಅದನ್ನ ತಗೊಂಡಽ ತಗೋತೀನಿ ಅಂತ ಹಟ ಹಿಡದಾರ್ರಿ. ಅದನ್ನ ತಗೋಬೇಕಂದ್ರ ಏನ್ ಮಾಡಬೇಕ್ರಿ?” ಎಂದು ಕೇಳಿದಳು. ಹೆಮ್ಮೆಯಿಂದಲೇ ಕೇಳಿದಳು. ಬಸ್ಸು ಬಂತು, ಹತ್ತಿಬಿಟ್ಟೆ. ಆ ಪ್ರಶ್ನೆಗೆ ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಮಾಸ್ಕುಗಳು ಇವತ್ತಿಗೂ ತುಂಬಿಲ್ಲವೆಂದು ದುರಗಪ್ಪ ಹೇಳುತ್ತಾನೆ. ಸುಗ್ಗಿ ಶುರುವಾಗಿದೆ, ಲಾರಿಗಳು ಬರತೊಡಗಿವೆ.

ಆದ್ದರಿಂದ ನನ್ನ ತಂದೆಯ ಹೆಸರನ್ನು ಆ ಪ್ರಶಸ್ತಿಯಿಂದ ಅಳಿಸಿ. ಬೇರೆ ಹೆಸರಿನಲ್ಲೂ ಅಂಥದ್ದನ್ನು ಕೊಡಬೇಡಿ. ದುರಗಪ್ಪನ ಮೆಮೊವನ್ನು ಹಿಂಪಡೆದು, ಅದನ್ನು ಯಾರೆದುರು ಓದಿದಿರೋ ಅವರೆಲ್ಲರೆದುರು, ಅವನು ಮಾಡಿದ್ದು ಏನೆಂದು ಒಂದೊಂದಾಗಿ ಹೇಳಿ, ಅದು ಸರಿ ಎನ್ನಿ. ಶಾಲು ಬೇಡ, ಹಾರ ಬೇಡ. ಇನ್ನು ಮಾಸ್ಕು ತುಂಬಿಸುವುದನ್ನು ನಾನು ಬೇಡಿಕೆ ಎಂದು ಬರೆಯುವುದಿಲ್ಲ. ಅದು ನಿಮ್ಮ ಕೆಲಸ, ಮಾಡಿದ್ದಕ್ಕೆ ಯಾರೂ ನಿಮ್ಮನ್ನು ಹೊಗಳಬೇಕಾಗಿಲ್ಲ. ಕೊನೆಯದಾಗಿ ಶಶಿಕಾಂತನನ್ನು ಕರೆದು ಕೂರಿಸಿಕೊಂಡು, ನಿಮ್ಮ ಬಾಯಿಂದಲೇ ಹೇಳಿ: ಅನಿಲ ಸೋರಿದರೆ ಹೊರಗೆ ಓಡು, ಓಡಿ ಬಂದರೆ ನಾನು ನಿನ್ನನ್ನು ಮೆಚ್ಚುತ್ತೇನೆ. ಇದನ್ನು ಹನ್ನೆರಡನೇ ತಾರೀಖಿನವರೆಗೆ ಕಾಯಿಸಬೇಡಿ. ಅವನ ಪಾಳಿ ನಾಳೆ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ.

ಇಂತಿ,
ಎರಡು ವರ್ಷ ತಡವಾಗಿ ಬರೆದ
ಬೇನಜೀರ
ಕನ್ನಡ ಶಿಕ್ಷಕಿ, ರಾಣೆಬೆನ್ನೂರು